ಕೂಗುವ ಬಾಗಿಲು

ಸದ್ದೋ, ಬಿಲ್ಲೆಯೋ? ಬರೀ ತಂತಿಯ ಸದ್ದಾಗಿದ್ದರೆ ದೀಪ ನಡುಗಬೇಕಿತ್ತು. ಇದು ನಡುಗಲಿಲ್ಲ. ಅಥವಾ ನಡುಗಿತೋ, ತಾನು ರೆಪ್ಪೆ ಬಡಿದ ಹೊತ್ತಿನಲ್ಲಿ? ಏಣಿಯ ಮೇಲೆ ನಿಂತು, ಬಟ್ಟೆ ಅಂಗಡಿಯ ತೆಳು ಚಾವಣಿಯೊಳಗೆ ತಲೆ ತೂರಿಸಿಕೊಂಡು, ಅವನು ಕಂಟ್ರೋಲರ್ ಡಬ್ಬದ ಪುಟ್ಟ ಹಸಿರು ದೀಪವನ್ನೇ ನೋಡುತ್ತಿದ್ದ. ಕೆಳಗಿದ್ದವರಿಗೆ ಅವನ ಕುತ್ತಿಗೆಯಿಂದ ಕೆಳಗಿನ ಭಾಗ ಮಾತ್ರ ಕಾಣುತ್ತಿತ್ತು. ಅಂಗಡಿಯ ಗೊಂಬೆಯೊಂದನ್ನು ತಲೆ ಕಳಚಿ ಏಣಿಗೆ ಒರಗಿಸಿಟ್ಟ ಹಾಗಿತ್ತು.

ಅವನಿಗೆ ಆ ಜಾಗ ಇಷ್ಟ. ಚಾವಣಿಯೊಳಗೆ ಧೂಳು, ತಂತಿ ಮತ್ತು ಮೌನ ಬಿಟ್ಟು ಬೇರೇನೂ ಇರುವುದಿಲ್ಲ. ಕಂಪನಿಯಲ್ಲಿ ಅವನಿಗೆ ಮೂಕಪ್ಪ ಎಂಬ ಅಡ್ಡಹೆಸರು ಬಿದ್ದಿತ್ತು. ಅದಕ್ಕೂ ಅವನು ಏನೂ ಹೇಳದೆ ಇದ್ದುದರಿಂದ ಹೆಸರು ಗಟ್ಟಿಯಾಯಿತು.

ಕೆಲಸ ಹೇಳಿಕೊಳ್ಳಲು ಸುಲಭ. ಅಂಗಡಿಯ ಬಾಗಿಲಿಗೆ ಅತ್ತ ಒಂದು, ಇತ್ತ ಒಂದು ಕಂಬ. ಹಣ ಕೊಡದ ಬಟ್ಟೆ ಅವುಗಳ ನಡುವೆ ದಾಟಿದರೆ ಅದರೊಳಗಿನ ಬಿಲ್ಲೆಯನ್ನು ಕಂಬಗಳು ಗುರುತಿಸಬೇಕು, ಮೇಲಿನ ಡಬ್ಬ ಕೂಗಬೇಕು. ಉಳಿದ ಹೊತ್ತು ಸುಮ್ಮನಿರಬೇಕು. ಸುಮ್ಮನಿರುವುದನ್ನು ಕಲಿಸುವುದೇ ಕಷ್ಟ. ಪಕ್ಕದಲ್ಲಿ ಒಂದು ಕೆಟ್ಟ ಟ್ಯೂಬ್‌ಲೈಟ್ ಮಿಣುಕಿದರೂ ಡಬ್ಬಕ್ಕೆ ಭ್ರಮೆ ಹಿಡಿಯುತ್ತದೆ. ಅಂಥ ಸುಳ್ಳು ಸಂಕೇತಕ್ಕೇ ಅವನ ಕಸುಬಿನವರು ಸದ್ದು ಎನ್ನುವುದು.

ಈ ಅಂಗಡಿಯ ಡಬ್ಬಕ್ಕೂ ಅದೇ ರೋಗ ಎಂದು ಎಲ್ಲರ ತೀರ್ಮಾನ. ಹಾಕಿದಂದಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಕೂಗುತ್ತಿತ್ತು. ದೂರಿನ ಮೇಲೆ ದೂರು ಹೋಗಿ, ಬೆಳಿಗ್ಗೆ ಕಂಪನಿಯ ಮ್ಯಾನೇಜರ್ ಅವನನ್ನು ಕರೆದು, ಇವತ್ತು ಸಂಜೆ ತಾನೇ ಬಂದು ಪರೀಕ್ಷೆ ಮಾಡುವುದಾಗಿಯೂ, ಯಂತ್ರ ನೆಟ್ಟಗಾಗದಿದ್ದರೆ ನಾಳೆಯಿಂದ ಅವನು ಗೋದಾಮಿನಲ್ಲಿ ಕೂರಬೇಕಾಗುವುದಾಗಿಯೂ ಹೇಳಿದ್ದರು. ಗೋದಾಮು ಎಂದರೆ ಅವನಿಗೆ ನಡುಕ. ಅಲ್ಲಿನ ಉಸ್ತುವಾರಿಯವನಿಗೆ ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಬೆಳಿಗ್ಗೆ ಬೀಗ ತೆಗೆಯುವಾಗ ಶುರುವಾದ ಮಾತು ಸಂಜೆ ಬೀಗ ಹಾಕುವಾಗಲೂ ವಾಕ್ಯದ ನಡುವೆಯೇ ಇರುತ್ತಿತ್ತು. ಅವನ ಕೈಕೆಳಗೆ ಇದ್ದವರೊಬ್ಬರು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟು, ಕಲ್ಲು ಒಡೆಯುವ ಯಂತ್ರದ ಬಳಿ ಕೆಲಸಕ್ಕೆ ಸೇರಿ ನೆಮ್ಮದಿಯಾಗಿದ್ದರಂತೆ.

ಸಾಲದ್ದಕ್ಕೆ ಅಂಗಡಿ ಷಡ್ಡಕನದು. ಹೆಂಡತಿಯ ಅಕ್ಕ, ಅವನಿಗೆ ಅತ್ತಿಗೆ, ಗಲ್ಲೆಯಲ್ಲಿ ಕೂರುತ್ತಿದ್ದಳು, ಆಕೆಯ ಗಂಡ ಸರಕು ನೋಡಿಕೊಳ್ಳುತ್ತಿದ್ದ. ಕಪಾಟಿನಿಂದ ಬಟ್ಟೆಗಳು ಕಾಣೆಯಾಗುತ್ತಿವೆ ಎಂದು ಇಬ್ಬರೂ ಬಹಳ ದಿನ ಕೊರಗಿ, ಕಳ್ಳನನ್ನು ಹಿಡಿದೇ ತೀರಬೇಕೆಂದು ಒಬ್ಬರಿಗಿಂತ ಒಬ್ಬರು ಜೋರಾಗಿ ಹಟ ತೊಟ್ಟು ಈ ಯಂತ್ರ ಕೊಂಡಿದ್ದರು.

"ಅದು ಲೈಟಿಂದಾನೇ ಆಗೋದು," ಎಂದ ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಅವನು ಬೆಳಗಿನಿಂದ ಒಂದೇ ಪ್ಯಾಂಟಿನ ಒಂದೇ ಕಾಲನ್ನು ಗಿಡ್ಡ ಮಾಡುತ್ತ, ಗಮನವೆಲ್ಲ ಏಣಿಯ ಮೇಲಿಟ್ಟಿದ್ದ.

ಏಣಿಯ ಮೇಲಿದ್ದವನು ದೀಪಗಳನ್ನು ಒಂದೊಂದಾಗಿ ಆರಿಸಿದ. ಕೊನೆಯದು ಅಂಗಿ ಹಾಕಿ ನೋಡುವ ಕೋಣೆಯ ದೀಪವಾಗಿತ್ತು. ಒಳಗಿಂದ ಏನೋ ಬಿದ್ದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ದಪ್ಪ ಗಿರಾಕಿಯೊಬ್ಬರು ಎರಡು ಕಾಲನ್ನೂ ಪ್ಯಾಂಟಿನ ಒಂದೇ ಕೊಳವೆಗೆ ಹಾಕಿಕೊಂಡು, ಗೋಣಿಚೀಲದ ಓಟಕ್ಕೆ ಇಳಿದವರಂತೆ ಕುಪ್ಪಳಿಸುತ್ತ ಹೊರಬಂದರು. ಅತ್ತಿಗೆ ಗಲ್ಲೆಯಿಂದ ಎದ್ದು ಬಂದು ಅವರ ಕ್ಷಮೆ ಕೇಳಿದಳು. ದರ್ಜಿ ತಲೆ ತಗ್ಗಿಸಿ ಪ್ಯಾಂಟು ಹೊಲಿದ. ಗಿರಾಕಿ ಏನನ್ನೂ ಕೊಳ್ಳದೆ ಹೋದರು. ಕಂಬಗಳ ಗೇಟು ಕೂಗಲಿಲ್ಲ.

ಅಷ್ಟರಲ್ಲಿ ಪಕ್ಕದ ಚಪ್ಪಲಿ ಅಂಗಡಿಯವರು ತಮ್ಮ ಗಿರಾಕಿಯನ್ನು ಒಂದು ಕಾಲಿಗೆ ಹೊಸ ಬೂಟು ಹಾಕಿಸಿ ಕೂರಿಸಿ ಇಲ್ಲಿಗೆ ಬಂದಿದ್ದರು. ಅವರ ಮನೆಯ ನೀರಿನ ಮೋಟಾರು ಹಿಂದೆ ಇದೇ ರೀತಿ ಹಟ ಮಾಡಿತ್ತೆಂದೂ, ಒಂದು ಏಟು ಕೊಟ್ಟ ಮೇಲೆ ಇವತ್ತಿನವರೆಗೆ ಉಸಿರೆತ್ತಿಲ್ಲವೆಂದೂ ಹೇಳಿದರು. ಆ ಮೇಲೆ ನೀರು ಬಂತೇ ಎಂದು ದರ್ಜಿ ಕೇಳಿದ. ಅದು ಬೇರೆ ವಿಷಯ ಎಂದು ಅವರು ಕಂಬಕ್ಕೆ ಅಂಗೈಯಿಂದ ಒಂದು ಬಿಗಿದರು. ಕಂಬ ಅಲುಗಾಡಿ, ಪಕ್ಕದಲ್ಲಿ ಅಂಗಿ ತೂಗುಹಾಕಿದ್ದ ಸ್ಟ್ಯಾಂಡಿಗೆ ತಾಗಿ, ಸ್ಟ್ಯಾಂಡು ಬಾಗಿಲಿನತ್ತ ಜಾರಿತು. ಡಬ್ಬ ಕಿವಿ ಕಿತ್ತುಹೋಗುವಂತೆ ಕೂಗಿತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಚಪ್ಪಲಿ ಅಂಗಡಿಯವರು ಎರಡೂ ಕೈ ಮೇಲೆತ್ತಿ, ತಮ್ಮ ಜೇಬು ಬೇಕಾದರೆ ನೋಡಿಕೊಳ್ಳಿ ಎಂದು ಯಾರೂ ಕೇಳದೆ ಹೇಳಿದರು.

ಅವನು ಇಳಿದು ಬಂದು ಸ್ಟ್ಯಾಂಡನ್ನು ದೂರ ಸರಿಸಿದ. ಕಂಬದ ಬೋಲ್ಟು ಬಿಗಿದ. ಹೊಸ್ತಿಲ ಸೀಳಿನಲ್ಲಿ ಹಾದುಹೋದ ಕೇಬಲ್ಲಿನ ಜೋಡಣೆ ಬಿಚ್ಚಿ, ಕೆರೆದು, ಮತ್ತೆ ಬೆಸೆದ. ಬಿಲ್ ಆದ ಬಟ್ಟೆ ಹಿಡಿದು ದಾಟಿದ: ಮೌನ. ಬಿಲ್ ಆಗದ್ದನ್ನು ಹಿಡಿದು ದಾಟಿದ: ಕೂಗು. ಬರಿಗೈಯಲ್ಲಿ ದಾಟಿದ: ಮೌನ. ಯಂತ್ರ ಸರಿಯಾಗಿತ್ತು. ಅವನ ಎದೆಯೊಳಗೆ ಏನೋ ಹಗುರಾಯಿತು. ಮುಖದ ಮೇಲೆ ಅದು ಕಾಣಿಸಲಿಲ್ಲ, ಅವನ ಮುಖಕ್ಕೆ ಅದರ ಅಭ್ಯಾಸ ಇರಲಿಲ್ಲ.

ಆಗ ಷಡ್ಡಕ ಒಳಗಿನ ಸ್ಟೋರಿನಿಂದ ಬಂದು, ಟೀ ಕುಡಿದು ಬರುತ್ತೇನೆಂದು ಯಾರಿಗೂ ಅಲ್ಲದಂತೆ ಹೇಳಿ, ಬಾಗಿಲು ದಾಟಿದ. ಡಬ್ಬ ಕೂಗಿತು.

"ನೋಡಿದ್ರಾ," ಎಂದ ಷಡ್ಡಕ, ಬಾಗಿಲಲ್ಲೇ ನಿಂತು. "ಯಜಮಾನನ್ನೇ ನೋಡಿ ಬೊಗಳುತ್ತೆ. ಇಂಥ ನಾಯೀನ ಯಾರಾದ್ರೂ ಸಾಕ್ತಾರಾ?"

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಈ ಡಬ್ಬವನ್ನು ಇವತ್ತೇ ಕಿತ್ತುಕೊಂಡು ಹೋಗಲಿ ಎಂದು ನೋಟು ಜೋಡಿಸುತ್ತಲೇ ಹೇಳಿದಳು. ಅವನು ಮಾತ್ರ ಏಣಿ ಹತ್ತಿ ದೀಪ ನೋಡಿದ. ಷಡ್ಡಕ ಇನ್ನೂ ಕಂಬಗಳ ನಡುವೆಯೇ ಇದ್ದ. ಹಸಿರು ದೀಪ ನಡುಗುತ್ತಿರಲಿಲ್ಲ. ನೆಟ್ಟ ನೋಟದಂತೆ ನಿಂತಿತ್ತು. ಇದು ಸದ್ದಲ್ಲ.

ಒಂದು ಪರೀಕ್ಷೆ ಇದೆ ಎಂದಷ್ಟೇ ಹೇಳಿ ಅವನು ಷಡ್ಡಕನನ್ನು ಸ್ಟೋರಿಗೆ ಕರೆದೊಯ್ದು ಬಾಗಿಲು ಮುಂದಕ್ಕೆಳೆದ. ಕೈಯಲ್ಲಿ ಹಿಡಿಯುವ ಪುಟ್ಟ ತಪಾಸಣೆ ಕೋಲನ್ನು ಕಾಲಿನಿಂದ ಮೇಲಕ್ಕೆ ತಂದ. ಮೊಣಕಾಲು, ಸೊಂಟ, ಮೌನ. ಎದೆಯ ಬಳಿ ಕೋಲು ಕುಯ್ಗುಟ್ಟಿತು. ಷಡ್ಡಕ ಮೇಲಿನ ಗುಂಡಿಯನ್ನು ತಾನೇ ಬಿಚ್ಚಿದ. ಅಂಗಿಯ ಒಳಗೆ ಇನ್ನೊಂದು ಅಂಗಿ ಇತ್ತು. ಹೊಸದು. ಮಡಿಕೆಯ ಗೆರೆಗಳು ಹಾಗೇ ಇದ್ದವು.

ಇಬ್ಬರೂ ಸ್ವಲ್ಪ ಹೊತ್ತು ರಟ್ಟಿನ ಪೆಟ್ಟಿಗೆಗಳನ್ನು ನೋಡಿದರು.

"ತಮ್ಮನಿಗೆ," ಎಂದ ಷಡ್ಡಕ ಕೊನೆಗೆ. "ನಾಳೆ ಎಲ್ಲೋ ಕೆಲಸಕ್ಕೆ ಕರೆದಿದ್ದಾರಂತೆ. ಹಾಕ್ಕೊಂಡು ಹೋಗೋಕೆ ಒಂದು ನೆಟ್ಟಗಿನ ಅಂಗಿ ಇಲ್ಲ. ಇವಳನ್ನ ಕೇಳಿದ್ರೆ ಕೊಡ್ತಾಳೆ. ಆದ್ರೆ ಕೊಟ್ಟದ್ದನ್ನ ವರ್ಷ ಪೂರ್ತಿ ಹೇಳ್ತಾಳೆ."

ಅವನು ತಲೆಯಾಡಿಸಿದ. ವರ್ಷ ಪೂರ್ತಿ ಹೇಳುವುದು ಎಂದರೇನು ಎಂದು ಅವನಿಗೆ ಗೊತ್ತಿತ್ತು. ಅದೇ ತಾಯಿಯ ಇನ್ನೊಬ್ಬ ಮಗಳು ಅವನ ಮನೆಯಲ್ಲಿದ್ದಳು.

"ಆದ್ರೂ ಒಂದು ಮಾತು ಕೇಳ್ತೀನಿ," ಎಂದ ಷಡ್ಡಕ. ಈಗ ಅವನ ದನಿಯಲ್ಲಿ ಅನ್ಯಾಯಕ್ಕೆ ಒಳಗಾದವನ ನೋವಿತ್ತು. "ಕಾಲರಿಗೆ ನೇತಾಡೋ ಬೆಲೆ ಚೀಟಿ ಕಿತ್ತು ಹಾಕಿದ್ದೀನಲ್ಲ. ಆದ್ರೂ ಕೂಗ್ತು ಅಂದ್ರೆ ಮಷೀನು ಕೆಟ್ಟಿದೆ ಅಂತ ತಾನೇ ಅರ್ಥ?"

ಆಗಲೇ ಅವನಿಗೆ ತಿಳಿದದ್ದು, ಈ ಅಂಗಡಿಯಲ್ಲಿ ಎಲ್ಲರೂ ಗೇಟು ಕೂಗುವುದು ಬೆಲೆ ಚೀಟಿಗೆ ಎಂದೇ ನಂಬಿದ್ದಾರೆ ಎಂದು. ನಿಜವಾದ ಬಿಲ್ಲೆ ಉಗುರಿನಷ್ಟು ಅಗಲದ ತೆಳುಪಟ್ಟಿ. ಬಟ್ಟೆ ತಯಾರಾಗುವಲ್ಲೇ ಒಳಹೊಲಿಗೆಗೆ ಸೇರಿರುತ್ತದೆ. ಗಲ್ಲೆಯಲ್ಲಿ ಬಿಲ್ ಮಾಡುವಾಗ ಬಟ್ಟೆಯನ್ನು ಇಡುವ ಕಪ್ಪು ಹಲಗೆ ಅದನ್ನು ಸಾಯಿಸುತ್ತದೆ. ಇದನ್ನು ಯಂತ್ರ ಕೂರಿಸಿದ ದಿನವೇ ವಿವರಿಸಬೇಕಿತ್ತು. ಯಾರೂ ಕೇಳಿರಲಿಲ್ಲ. ಅವನು ಹೇಳಿರಲಿಲ್ಲ.

ಈಗ ಹೇಳಿದರೆ ಷಡ್ಡಕ ನಾಳೆಯಿಂದ ಹೊಲಿಗೆ ಬಿಚ್ಚುತ್ತಾನೆ. ಹೇಳದಿದ್ದರೆ ಸಂಜೆ ಮ್ಯಾನೇಜರ್ ಎದುರು ಮತ್ತೆ ಕೂಗುತ್ತದೆ. ಅವನು ಎರಡನ್ನೂ ತೂಗಿದ. ತೂಗುತ್ತಿದ್ದ ಹಾಗೆ ಷಡ್ಡಕ ಅವನ ಮುಂಗೈ ಹಿಡಿದುಕೊಂಡ.

"ಅವಳಿಗೆ ಮಾತ್ರ ಗೊತ್ತಾಗೋದು ಬೇಡ ಕಣಯ್ಯ."

ಅವನು ಮತ್ತೆ ಏಣಿ ಹತ್ತಿ, ಡಬ್ಬ ತೆರೆದು, ಕಂಬಗಳ ಬಲವನ್ನು ನಿಯಂತ್ರಿಸುವ ತಿರುಪನ್ನು ಕೊನೆಯವರೆಗೆ ಹಿಂದಕ್ಕೆ ತಿರುಗಿಸಿದ. ಷಡ್ಡಕ ಎರಡು ಅಂಗಿ ತೊಟ್ಟುಕೊಂಡೇ ಬಾಗಿಲು ದಾಟಿ ಟೀಗೆ ಹೋದ. ಒಂದು ಅಂಗಿಯಲ್ಲಿ ವಾಪಸು ಬಂದ.

ಮಧ್ಯಾಹ್ನವೆಲ್ಲ ಗೇಟು ಗುಡಿಯ ಕಂಬದಂತೆ ನಿಂತಿತು. ಅಂಥ ಕೈಗುಣದ ಮನುಷ್ಯನನ್ನು ತಾನು ಕಂಡಿಲ್ಲ ಎಂದ ದರ್ಜಿ. ಏಟು ಕೊಟ್ಟದ್ದು ಯಾರೆಂದು ಮರೆಯಬಾರದು ಎಂದರು ಚಪ್ಪಲಿ ಅಂಗಡಿಯವರು. ಅತ್ತಿಗೆ ತಾನೇ ಲೋಟದಲ್ಲಿ ಟೀ ತಂದುಕೊಟ್ಟು, ನೀವು ಹೆಚ್ಚು ಮಾತಾಡದಿದ್ದರೂ ಕೆಲಸಗಾರರು ಎಂದು ತಂಗಿಗೆ ತಾನು ಯಾವತ್ತೂ ಹೇಳುತ್ತಿದ್ದುದಾಗಿ ಹೇಳಿದಳು. ಆಕೆ ತಂಗಿಗೆ ಏನು ಹೇಳುತ್ತಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಅವನು ಟೀ ಕುಡಿದ. ಒಳಗೆ ಅವನಿಗೆ, ಕಾವಲಿಗೆ ಕೂತವನ ಕಣ್ಣು ಕಟ್ಟಿ ಬಂದಂಥ ಸಂಕಟ.

ಸಂಜೆ ಮ್ಯಾನೇಜರ್ ಬಂದರು. ಅವರಿಗೆ ತಂತಿಯ ವಿಷಯ ಹೆಚ್ಚು ತಿಳಿಯದು. ಆದರೆ ಕಂಪನಿ ಕೊಟ್ಟ ಒಂದು ಪರೀಕ್ಷೆಯ ಬಿಲ್ಲೆಯನ್ನು ಎದೆಯ ಮಟ್ಟದಲ್ಲಿ, ಸೊಂಟದ ಮಟ್ಟದಲ್ಲಿ, ಪಾದದ ಮಟ್ಟದಲ್ಲಿ ಹಿಡಿದು ಗೇಟು ದಾಟುವುದನ್ನು ಅವರು ಮದುವೆಯ ಹೆಜ್ಜೆಯಷ್ಟು ಗಂಭೀರವಾಗಿ ಮಾಡುತ್ತಿದ್ದರು. ದಾಟಿದರು. ಮೌನ. ಬಗ್ಗಿ ದಾಟಿದರು. ಮೌನ. ಕೊನೆಗೆ ಬಿಲ್ಲೆಯನ್ನು ಕಂಬಕ್ಕೇ ಒತ್ತಿ ಹಿಡಿದು ನಿಂತರು.

"ಇದಕ್ಕೆ ಜೀವ ಇದೆಯೇನಯ್ಯಾ?" ಎಂದು ಕೇಳಿದರು.

ಅವನು ಏಣಿ ಹತ್ತಿದ. ತಿರುಪನ್ನು ಮೊದಲಿನ ಜಾಗಕ್ಕೆ ತಂದ. ಹತ್ತುವಾಗ ಷಡ್ಡಕನ ಕಡೆ ಒಮ್ಮೆ ನೋಡಿದ. ಷಡ್ಡಕ ತನ್ನ ಎದೆ ತಟ್ಟಿ, ಈಗ ಒಂದೇ ಅಂಗಿ ಎಂದು ಕಣ್ಣಲ್ಲೇ ತಿಳಿಸಿದ. ಇನ್ನೇನೂ ಭಯವಿಲ್ಲ. ಮ್ಯಾನೇಜರ್ ಮತ್ತೆ ಮೂರು ಮಟ್ಟದಲ್ಲಿ ದಾಟಿದರು, ಮೂರು ಸಲವೂ ಡಬ್ಬ ಕೂಗಿತು. ಬರಿಗೈಯಲ್ಲಿ ದಾಟಿದಾಗ ಸುಮ್ಮನಿತ್ತು. ಅವರ ಮುಖ ಸಡಿಲಾಯಿತು. ಇನ್ನೊಂದು ಗಳಿಗೆಯಲ್ಲಿ ಅವರು ಅವನ ಬೆನ್ನು ತಟ್ಟುವವರಿದ್ದರು.

ಆಗ ಅತ್ತಿಗೆ ಗಲ್ಲೆಗೆ ಬೀಗ ಹಾಕಿ, ಚೀಲವನ್ನು ಹೆಗಲಿಗೇರಿಸಿ, ತನಗೆ ಹೊತ್ತಾಯಿತು, ಮುಂದೆ ಹೋಗುತ್ತೇನೆ ಎಂದು ಬಾಗಿಲು ದಾಟಿದಳು.

ಡಬ್ಬ ಕೂಗಿತು.

ಚೀಲ ಒಂದು ಸಲ ನೋಡಬಹುದೇ ಎಂದು ಮ್ಯಾನೇಜರ್ ಬಹಳ ಮರ್ಯಾದೆಯಿಂದ ಕೇಳಿದರು. ತನ್ನ ಅಂಗಡಿಯಲ್ಲಿ ತನ್ನ ಚೀಲವನ್ನು ಪರರಿಂದ ನೋಡಿಸಿಕೊಳ್ಳುವ ಕಾಲ ಬಂತೇ ಎಂದಳು ಅತ್ತಿಗೆ. ಆಕೆಯ ಗಂಡ ಮುಂದೆ ಬಂದ. ಕೊನೆಗೆ, ಮನೆಯವರೇ ನೋಡಲಿ ಎಂದು ತೀರ್ಮಾನವಾಗಿ ಚೀಲ ತಂಗಿಯ ಗಂಡನಾದ ಅವನ ಕೈಗೆ ಬಂತು.

ಅವನು ಗೋಡೆಯ ಕಡೆ ತಿರುಗಿ ಜಿಪ್ ಎಳೆದ. ಮೇಲೆ ಊಟದ ಡಬ್ಬಿ. ಅದರ ಕೆಳಗೆ, ಬೆಲೆ ಚೀಟಿ ನಾಜೂಕಾಗಿ ಕತ್ತರಿಸಿದ್ದ ಒಂದು ಹಳದಿ ಫ್ರಾಕು. ಹಿಂದಿನ ದಿನ ಅವನ ಹೆಂಡತಿ ಮಗಳನ್ನು ಬಾಗಿಲಿಗೆ ಒರಗಿಸಿ ಅಳತೆ ತೆಗೆದು, ಫೋನಿನಲ್ಲಿ ಅಕ್ಕನಿಗೆ ಪಿಸುದನಿಯಲ್ಲಿ ಹೇಳುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಮಗಳ ಕೆಂಪು ಫ್ರಾಕು, ನೀಲಿ ಫ್ರಾಕು, ಅವನಿಗೇ ಒಂದು ದಿನ ಹಾಸಿಗೆಯ ಮೇಲೆ ಸಿಕ್ಕಿದ್ದ ಗೆರೆಯ ಅಂಗಿ, ಎಲ್ಲವೂ ಒಟ್ಟಿಗೆ ಅವನ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು. ಅಂಗಡಿಯ ಕಳ್ಳರು ಇಬ್ಬರು. ಕದ್ದ ಮಾಲು ಅರ್ಧ ತನ್ನ ಮನೆಯಲ್ಲಿದೆ.

ತಲೆ ಎತ್ತಿದಾಗ ಅತ್ತಿಗೆ ಅವನನ್ನೇ ನೋಡುತ್ತಿದ್ದಳು. ಸ್ಟೋರಿನಲ್ಲಿ ಆಕೆಯ ಗಂಡ ನೋಡಿದ್ದ ನೋಟವೇ ಅದು.

ಅವನು ಜಿಪ್ ಎಳೆದ. "ಊಟದ ಡಬ್ಬಿ ಅಷ್ಟೇ," ಎಂದ. ಆ ದಿನ ಅವನು ಆಡಿದ ಅತಿ ದೊಡ್ಡ ಮಾತು ಅದು.

"ಹಾಗಾದ್ರೆ ನಿನ್ನ ಮಷೀನು ಊಟದ ಡಬ್ಬಿಗೆ ಕೂಗ್ತು," ಎಂದರು ಮ್ಯಾನೇಜರ್.

ಅಲ್ಲಿಂದ ಮುಂದೆ ಯಾರೂ ಅವನಿಗೆ ಮಾತಾಡಲು ಎಡೆ ಕೊಡಲಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ತನಗೆ ಕೂಗಿತು, ಈಗ ಇವಳಿಗೆ ಕೂಗಿತು, ನಿಜವಾದ ಬಿಲ್ಲೆ ಹಿಡಿದು ನಿಂತರೆ ಮಲಗಿತ್ತು, ಇದಕ್ಕಿಂತ ಕೆಟ್ಟ ಯಂತ್ರ ಲೋಕದಲ್ಲಿದೆಯೇ ಎಂದು ಷಡ್ಡಕ ಕೈ ಬೀಸಿ ಕೇಳಿದ. ಸಂಬಂಧಿ ಎಂದು ನಂಬಿ ಕೆಲಸ ಕೊಟ್ಟದ್ದಕ್ಕೆ ಇದು ಫಲ ಎಂದಳು ಅತ್ತಿಗೆ. ಗಂಡ ಹೆಂಡತಿ ಒಂದೇ ದನಿಯಲ್ಲಿ ಮಾತಾಡಿದ್ದನ್ನು ತಾನು ಇದೇ ಮೊದಲು ಕಂಡದ್ದು ಎಂದು ದರ್ಜಿ ಚಪ್ಪಲಿ ಅಂಗಡಿಯವರ ಕಿವಿಯಲ್ಲಿ ಹೇಳಿದ. ಮ್ಯಾನೇಜರ್ ಎಲ್ಲವನ್ನೂ ಕೇಳಿ, ಕಂಬಗಳನ್ನು ಕೀಳುವಂತೆಯೂ, ಕಿತ್ತದ್ದನ್ನು ನಾಳೆ ಗೋದಾಮಿಗೆ ತರುವಂತೆಯೂ, ಬಂದವನು ಅಲ್ಲೇ ಇರುವಂತೆಯೂ ಅಪ್ಪಣೆ ಮಾಡಿದರು.

ಅವನು ಬೋಲ್ಟು ಬಿಚ್ಚಿದ. ಅತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು, ಸುಮ್ಮನಾದ ಕಂಬಗಳ ನಡುವೆ ತಲೆ ಎತ್ತಿ ದಾಟಿಹೋದಳು. ಅವನು ಮನೆ ಮುಟ್ಟಿದಾಗ ಮಗಳು ಹಳದಿ ಫ್ರಾಕು ತೊಟ್ಟು ಕನ್ನಡಿಯ ಮುಂದೆ ಗಿರಗಿರ ತಿರುಗುತ್ತಿದ್ದಳು. ಇವತ್ತು ಅಂಗಡಿಯಲ್ಲಿ ಏನಾಯಿತು, ಅಕ್ಕ ಯಾಕೆ ಅಷ್ಟು ಸಿಟ್ಟಾಗಿದ್ದಾಳೆ ಎಂದು ಹೆಂಡತಿ ಕೇಳಿದಳು. ಮಷೀನು ಕೆಟ್ಟಿತ್ತು ಎಂದ ಅವನು.

ಕೆಟ್ಟಿರಲಿಲ್ಲ ಎಂದು ಅವನು ಯಾರಿಗೂ ಯಾವತ್ತೂ ಹೇಳಲಿಲ್ಲ.