ನೋಡಿಲ್ಲವೆಂಬ ಪ್ರಮಾಣಪತ್ರ

ಪುಯೆರ್ತೊ ಗಾರ್ಸಾ ಊರಿನ ಸಂತ ಪಾಂತಾಲಿಯೋನ್ ಸಾರ್ವಜನಿಕ ಆಸ್ಪತ್ರೆಯಲ್ಲಿ ಅತ್ಯುತ್ತಮವಾಗಿ ಕಾರ್ಯನಿರ್ವಹಿಸುತ್ತಿರುವ ವಿಭಾಗವೆಂದರೆ ದೂರು ವಿಭಾಗ. ಇದು ನನ್ನ ಅಭಿಪ್ರಾಯವಲ್ಲ. ರಾಜಧಾನಿಯಿಂದ ಬಂದ ಪ್ರಶಸ್ತಿ ಫಲಕದ ಮೇಲೆ ಹಾಗೆಂದು ಬರೆದಿದೆ. ಅದರಲ್ಲಿ ನಮ್ಮ ಊರಿನ ಬದಲು ಬೇರೆ ಊರಿನ ಹೆಸರಿತ್ತು. ಕೆರೆದು ಸರಿಮಾಡಿದವನು ನಾನೇ.

ನಾನು ಇಲ್ಲಿ ಬೋರ್ಡು ಬರೆಯುವವನು. ನದಿಯ ದೋಣಿಗಳ ಹೆಸರು, ಮೋಟಾರು ರಿಕ್ಷಾಗಳ ಬೆನ್ನ ಮೇಲಿನ ಸಂತರು, ಆಸ್ಪತ್ರೆಯ ಸಕಲ ಪ್ರಕಟಣೆಗಳು ಎಲ್ಲವೂ ನನ್ನ ಕುಂಚದ್ದೇ. ಆಸ್ಪತ್ರೆಯಲ್ಲಿ ಹೊಸ ನಿಯಮ ಹುಟ್ಟಿದರೆ ಮೊದಲು ಗೊತ್ತಾಗುವುದು ನನಗೆ. ರೋಗಿಗಳಿಗೆ ಬಣ್ಣ ಒಣಗಿದ ಮೇಲೆ ಗೊತ್ತಾಗುತ್ತದೆ. ಹೊರರೋಗಿ ವಿಭಾಗದ ಬಾಗಿಲ ಮೇಲೆ ಮೊದಲು ದಿನವೂ ಸೀಮೆಸುಣ್ಣದಲ್ಲಿ ‘ಡಾಕ್ಟರು ಈಗ ಬರುತ್ತಾರೆ’ ಎಂದು ಬರೆಯುತ್ತಿದ್ದರು. ಸೀಮೆಸುಣ್ಣ ದಂಡವಾಗುತ್ತದೆಂದು ನಿರ್ದೇಶಕ ಪಿಂಚಿಯವರು ಅದನ್ನು ಎಣ್ಣೆ ಬಣ್ಣದಲ್ಲಿ ಬರೆಸಿದರು. ಎಂಟು ವರ್ಷವಾಯಿತು, ಒಂದಕ್ಷರವನ್ನೂ ಬದಲಿಸಬೇಕಾಗಿ ಬಂದಿಲ್ಲ.

ನಮ್ಮ ದೇಶದಲ್ಲಿ ರೊಟ್ಟಿ ಅಂಗಡಿಯಿಂದ ಹಿಡಿದು ಶವಪೆಟ್ಟಿಗೆ ಅಂಗಡಿಯವರೆಗೆ ಎಲ್ಲ ಕಡೆಯೂ ಒಂದು ದೂರು ಪುಸ್ತಕ ಇರಲೇಬೇಕು, ಅದು ಇದೆಯೆಂದು ಸಾರುವ ಬೋರ್ಡೂ ಇರಬೇಕು. ದೂರಿಗೆ ಹದಿನೈದು ದಿನದೊಳಗೆ ಉತ್ತರ ಕೊಡದಿದ್ದರೆ ದಂಡ. ಕಾಯಿಲೆಗೆ ಉತ್ತರ ಕೊಡದಿದ್ದರೆ ದಂಡವಿಲ್ಲ. ಪಿಂಚಿಯವರು ಬುದ್ಧಿವಂತರು, ಎರಡನ್ನೂ ತೂಗಿ ನೋಡಿದರು. ಆಸ್ಪತ್ರೆಯಲ್ಲಿ ತಿರುಗುವ ಸ್ಥಿತಿಯಲ್ಲಿದ್ದ ಏಕೈಕ ಫ್ಯಾನನ್ನು, ನಾಲ್ಕು ಕಾಲೂ ನೆಟ್ಟಗಿದ್ದ ಏಕೈಕ ಕುರ್ಚಿಯನ್ನು, ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದ ನರ್ಸ್ ಔರಿಸ್ತೆಲಾಳನ್ನು ದೂರು ಕೊಠಡಿಗೆ ವರ್ಗ ಮಾಡಿದರು. ಅವಳ ಅಕ್ಷರ ದುಂಡಗಿದೆ ಎಂಬುದು ಆದೇಶದಲ್ಲಿ ಕಾಣಿಸಿದ ಕಾರಣ.

ಹೀಗಿರುವಾಗ ಜೂನ್ ಮೂರರಂದು ನನ್ನ ಕೊಮಾದ್ರೆ ದೋನ್ಯಾ ಕ್ಲೋರಿಂದಾ ಆಸ್ಪತ್ರೆಗೆ ಬಂದಳು. ನನ್ನ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವಳು ಅವಳು. ಅಂದಿನಿಂದ ನಾನು ಅವಳಿಗೆ ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ಸಾನ್ ಹುವಾನ್ ಹಬ್ಬಕ್ಕೆ ಊರಿಗೆ ಊರೇ ತಿನ್ನುವ ಹುವಾನೆ ಅವಳ ಮನೆಯದು. ಅನ್ನ, ಕೋಳಿ, ಮೊಟ್ಟೆಯನ್ನು ಎಲೆಯಲ್ಲಿ ಮುದ್ದೆಯಾಗಿ ಸುತ್ತಿ, ಮೇಲೆ ನಾರಿನಿಂದ ಒಂದು ಗಂಟು ಬಿಗಿದು ಕುದಿಯುವ ನೀರಿಗೆ ಬಿಡುತ್ತಾರೆ. ಗಂಟು ಸಡಿಲವಾದರೆ ಹಂಡೆಯ ತುಂಬ ಗಂಜಿ. ಕ್ಲೋರಿಂದಾ ಕಟ್ಟಿದ ಗಂಟು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಿಚ್ಚಿಲ್ಲ. ಆ ಒಂದು ಹಬ್ಬದ ದುಡಿಮೆಯಲ್ಲೇ ಅವಳ ವರ್ಷ ಸಾಗಬೇಕು. ಈಗ ಆರುನೂರು ಹುವಾನೆ ಕಟ್ಟಬೇಕಿತ್ತು, ಬಲಗೈಯ ಮೂರು ಬೆರಳು ಜೋಮು ಹಿಡಿದು ಕೂತಿದ್ದವು.

ಕಿಟಕಿಯಲ್ಲಿದ್ದ ಗುಮಾಸ್ತ ತೆಯೋಬಾಲ್ದೊ ಕೈಗೆ ಏನಾಗಿದೆ ಎಂದು ಕೇಳಲಿಲ್ಲ. ಗುರುತಿನ ಚೀಟಿ ಕೇಳಿದ.

“ಹೆಬ್ಬೆಟ್ಟು, ತೋರುಬೆರಳು, ನಡುಬೆರಳು, ಮೂರೂ ನನ್ನವೇ ಅಲ್ಲ ಅನ್ನೋ ಥರ ಆಗಿವೆ ಕಣಪ್ಪ. ಗಂಟು ಹಾಕೋಕಾಗ್ತಿಲ್ಲ.”

“ನವೆಂಬರ್ ಹನ್ನೊಂದು, ಹತ್ತು ಗಂಟೆ ಹತ್ತು ನಿಮಿಷ.”

“ಹಬ್ಬ ಜೂನ್ ಇಪ್ಪತ್ನಾಲ್ಕಕ್ಕೆ.”

“ಅವತ್ತು ರಜೆ ಅಮ್ಮಾ.”

“ರಜೆ ಅಂತ ನಂಗೊತ್ತಿಲ್ವಾ? ಆ ರಜೇಲಿ ಕೂತ್ಕೊಂಡು ನೀನು ತಿನ್ನೋದು ಏನನ್ನ?”

“ನಿಮ್ಮ ಹುವಾನೇನೇ. ನಂದು ಹದಿನಾಲ್ಕು ಅಂತ ಬರ್ಕೊಂಡಿದೀರಲ್ಲ, ಮರೀಬೇಡಿ.”

“ಹಂಗಾದ್ರೆ ನಾಳೆ ನಾಡಿದ್ದಕ್ಕೆ ಹಾಕು ಮತ್ತೆ.”

ತೆಯೋಬಾಲ್ದೊ ಕರುಣೆಯಿಂದ ಅವಳನ್ನು ನೋಡಿದ. “ಹತ್ತೂ ಹತ್ತು ಅನ್ನೋದು ಒಳ್ಳೆ ಟೈಮು. ಹತ್ತಕ್ಕೆ ಸಿಕ್ಕಿದ್ರೆ ಹತ್ತು ನಿಮಿಷ ಸುಮ್ನೆ ಕಾಯ್ಬೇಕಾಗಿತ್ತು.”

ಕ್ಲೋರಿಂದಾ ಸೀದಾ ದೂರು ಕೊಠಡಿಗೆ ನಡೆದಳು. ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ಯಾಕೆಂದರೆ ಅದೇ ಗೋಡೆಯ ಮೇಲೆ ‘ಈ ಸಂಸ್ಥೆಯಲ್ಲಿ ದೂರು ಪುಸ್ತಕ ಲಭ್ಯವಿದೆ’ ಎಂಬುದಕ್ಕೆ ಹೊಸ ಬಣ್ಣ ಬಳಿಯುತ್ತಿದ್ದೆ.

ಔರಿಸ್ತೆಲಾ ಅವಳನ್ನು ಕೂರಿಸಿದಳು. ಫ್ಯಾನು ಅವಳ ಕಡೆಗೆ ತಿರುಗಿಸಿದಳು. ದೂರು ಪುಸ್ತಕದಲ್ಲಿ ನಷ್ಟ ಏನು, ಎಂದಿನಿಂದ, ಎಷ್ಟು, ದೂರುದಾರರು ಕೋರುವ ಪರಿಹಾರವೇನು ಎಂಬ ಕಾಲಮ್ಮುಗಳಿವೆ. ಅವನ್ನು ತುಂಬಿಸಲೇಬೇಕು.

“ಎಷ್ಟು ದಿನ ಆಯ್ತಮ್ಮಾ?”

“ಈಸ್ಟರ್ ಕಳೆದ ಮೇಲೆ.”

“ಇಲ್ಲಿ ಒತ್ತಿದ್ರೆ? ಮಣಿಕಟ್ಟು ಹೀಗೆ ಮಡಿಚಿದ್ರೆ?”

ಕ್ಲೋರಿಂದಾ ತನ್ನ ಕೈ ಹಿಡಿದಿದ್ದ ಅವಳ ಬೆರಳುಗಳನ್ನೇ ನೋಡಿದಳು. “ಏನಿಲ್ಲ ಮಗಳೇ,” ಅಂದಳು ಆಮೇಲೆ, “ಈ ಕಟ್ಟಡದೊಳಗೆ ನನ್ನ ಯಾರಾದ್ರೂ ಮುಟ್ಟಿ ಕೇಳಿದ್ದು ಇದೇ ಮೊದಲು.”

ಔರಿಸ್ತೆಲಾ ಒಂದು ಫೈಲಿನ ರಟ್ಟು ಹರಿದು, ಮಣಿಕಟ್ಟಿಗೆ ಆನಿಸಿ ಬಟ್ಟೆ ಸುತ್ತಿದಳು. ಪುಸ್ತಕದಲ್ಲಿ ‘ದೂರು ಇತ್ಯರ್ಥವಾಗುವವರೆಗಿನ ತಾತ್ಕಾಲಿಕ ಕ್ರಮ’ ಎಂದು ಬರೆದುಕೊಂಡಳು.

ನಾಲ್ಕು ದಿನದಲ್ಲಿ ಜೋಮು ಸ್ವಲ್ಪ ಇಳಿಯಿತು. ಕ್ಲೋರಿಂದಾಳಿಗೆ ಮಾರುಕಟ್ಟೆಯಲ್ಲಿ ಮಳಿಗೆ ಇದೆ, ಬಾಯಿಯೂ ಇದೆ. ವಾರ ತುಂಬುವುದರೊಳಗೆ ದೂರು ಕೊಠಡಿಯ ಸಾಲು ನದಿ ದಂಡೆಗೆ ಮುಟ್ಟಿತು. ಜ್ವರದವರು, ಕೆಮ್ಮಿನವರು, ಮೀನಿನ ಮುಳ್ಳು ನುಂಗಿದವರು, ಎಲ್ಲರೂ ದೂರು ಕೊಡಲು ಬಂದರು. ಅವರಲ್ಲಿ ಅನೇಕರಿಗೆ ಆಸ್ಪತ್ರೆಯ ಮೇಲೆ ಯಾವ ದೂರೂ ಇರಲಿಲ್ಲ, ಕಾಯಿಲೆ ಮಾತ್ರ ಇತ್ತು. ಇದು ದೂರು ಪುಸ್ತಕದ ದುರುಪಯೋಗವೆಂದು ಪಿಂಚಿಯವರಿಗೆ ತೋರಿತು. ನಾನು ಈ ಕೆಳಗಿನಂತೆ ಬೋರ್ಡು ಬರೆದೆ:

‘ಕೇವಲ ಕಾಯಿಲೆ ಇದ್ದು ದೂರು ಇಲ್ಲದವರು ಈ ವಿಭಾಗದ ಸಮಯ ಹಾಳುಮಾಡತಕ್ಕದ್ದಲ್ಲ. ದೂರುದಾರರು, ವೈದ್ಯರು ತಮ್ಮನ್ನು ನೋಡಿಲ್ಲವೆಂದು ಅದೇ ವೈದ್ಯರಿಂದ ಪಡೆದ ಪ್ರಮಾಣಪತ್ರವನ್ನು ಎರಡು ನಕಲುಗಳೊಂದಿಗೆ ಹಾಜರುಪಡಿಸತಕ್ಕದ್ದು.’

ಇದರಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಡಾಕ್ಟರ್ ಉಗಾರ್ತೆಯವರು ಆಸ್ಪತ್ರೆಗೆ ಬರತೊಡಗಿದರು. ಅಲ್ಲಿಯತನಕ ಅವರು ಬೆಳಗಿನ ಹೊತ್ತು ಚೌಕದ ಬಳಿಯ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿ ಇರುತ್ತಿದ್ದರು. ಅಲ್ಲಿಗೆ ಹೋಗಲಾಗದವರಿಗಾಗಿಯೇ ಸರ್ಕಾರ ಆಸ್ಪತ್ರೆ ಕಟ್ಟಿಸಿದ್ದು. ಈಗ ಪ್ರತಿ ಪ್ರಮಾಣಪತ್ರವನ್ನೂ ಒಂದು ವೈದ್ಯಕೀಯ ಸೇವೆಯೆಂದು ಪರಿಗಣಿಸಿ ಭತ್ಯೆ ಮಂಜೂರಾದ್ದರಿಂದ ಅವರು ಬೆಳಿಗ್ಗೆ ಎಂಟಕ್ಕೆ ಹಾಜರು. ದಿನಕ್ಕೆ ಇನ್ನೂರು ರೋಗಿಗಳನ್ನು ನೋಡದೆ ಕಳಿಸುತ್ತಿದ್ದರು. ಆಸ್ಪತ್ರೆಯ ಇತಿಹಾಸದಲ್ಲಿ ಇಷ್ಟು ಕೆಲಸವನ್ನು ಯಾವ ವೈದ್ಯರೂ ಮಾಡಿಲ್ಲ.

ಪ್ರಮಾಣಪತ್ರ ಸುಳ್ಳಾಗಬಾರದಲ್ಲ, ಅದಕ್ಕಾಗಿ ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಲಾಯಿತು. ರೋಗಿ ಹಿಂದಿನಿಂದ ಹೆಸರು ಹೇಳಿ, ಮೇಜಿನ ಮೇಲಿನ ದಾಖಲೆಯಲ್ಲಿ ತನ್ನ ಸಹಿ ಹಾಕಬೇಕು. ಡಾಕ್ಟರು ಗೋಡೆ ನೋಡುತ್ತಲೇ ಪ್ರಮಾಣಪತ್ರಕ್ಕೆ ಸಹಿ ಹಾಕಿ ಭುಜದ ಮೇಲಿಂದ ಚಾಚುತ್ತಾರೆ. ಬಾಗಿಲಿಗೆ ಇನ್ನೊಂದು ಬೋರ್ಡು: ‘ವೈದ್ಯರ ಕಣ್ಣಿಗೆ ಬಿದ್ದ ರೋಗಿಗಳು ತೊಂಬತ್ತು ದಿನ ಅನರ್ಹರು.’ ಅಕ್ಷರ ಚೆನ್ನಾಗಿ ಎದ್ದು ಕಾಣಲೆಂದು ನಾನು ಅದಕ್ಕೆ ಕೆಂಪು ನೆರಳನ್ನೂ ಕೊಟ್ಟೆ.

ಜೂನ್ ಹದಿನಾಲ್ಕರಂದು ಕ್ಲೋರಿಂದಾ ಮತ್ತೆ ಬಂದಳು. ಜೋಮು ತಗ್ಗಿತ್ತಾದರೂ ಗಂಟು ಬಿಗಿಯುತ್ತಿರಲಿಲ್ಲ. ಹಿಂದಿನ ದಿನ ಪರೀಕ್ಷೆಗೆಂದು ಕಟ್ಟಿದ ಆರು ಹುವಾನೆಯಲ್ಲಿ ಐದು ಬಿಚ್ಚಿಕೊಂಡಿದ್ದವು. ದೂರು ಮುಂದುವರಿಸಲು ಈಗ ಆ ಪ್ರಮಾಣಪತ್ರವೂ ಬೇಕಿತ್ತು. ಡಾಕ್ಟರ ಬೆನ್ನ ಹಿಂದೆ ನಿಂತು ಹೆಸರು ಹೇಳಿದಳು, ಸಹಿಗೆಂದು ಪೆನ್ನು ಹಿಡಿದಳು. ಜೋಮು ಬೆರಳುಗಳಿಂದ ಪೆನ್ನು ಜಾರಿ ನೆಲಕ್ಕೆ ಬಿತ್ತು. ಸದ್ದಿಗೆ ಡಾಕ್ಟರು ತಿರುಗಿದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ತಪ್ಪಾಯ್ತು ಡಾಕ್ಟ್ರೇ. ಯಾರಿಗೂ ಹೇಳಲ್ಲ,” ಅಂದಳು ಕ್ಲೋರಿಂದಾ.

“ಆಗಲ್ಲಮ್ಮಾ,” ಎಂದರು ಉಗಾರ್ತೆಯವರು, ಬರೆಯುತ್ತಿದ್ದ ಪ್ರಮಾಣಪತ್ರವನ್ನು ಹರಿಯುತ್ತ. “ನೋಡಿಬಿಟ್ಟೆ. ಆತ್ಮಸಾಕ್ಷಿ ಅಂತ ಒಂದಿದೆಯಲ್ಲ.”

“ನೋಡೇಬಿಟ್ರಲ್ಲ, ಹಂಗಾದ್ರೆ ಕೈ ಒಂದ್ಸಲ ಸರಿಯಾಗಿ ನೋಡಿ.”

“ಅದಕ್ಕೆ ನಿಮ್ಗೆ ನವೆಂಬರ್ ಹನ್ನೊಂದು ಕೊಟ್ಟಿದಾರಲ್ಲ.”

ಕ್ಲೋರಿಂದಾ ಹೊರಗಿನ ಬೆಂಚಿನ ಮೇಲೆ ಕೂತು ಅತ್ತಳು. ಗಂಡ ಸತ್ತಾಗಲೂ ಜನರೆದುರು ಅಳದವಳು. “ಕೊಂಪಾದ್ರೆ, ಆ ಬೋರ್ಡು ನೀನೇ ಬರೆದದ್ದಾ?” ಎಂದು ಕೇಳಿದಳು. ಹೌದೆಂದೆ. “ಚೆನ್ನಾಗಿದೆ. ದೂರದಿಂದಾನೂ ಓದ್ಬೋದು,” ಅಂದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆದರೂ ಬಣ್ಣ ಒಣಗಿಹೋಗಿತ್ತು, ಏನು ಮಾಡುವುದು.

ಮೂರು ದಿನದ ನಂತರ ಡಾಕ್ಟರ್ ಉಗಾರ್ತೆಯವರ ಬಲಗೈಯ ಮೂರು ಬೆರಳು ಜೋಮು ಹಿಡಿದವು. ಎರಡು ನಕಲು ಸೇರಿ ದಿನಕ್ಕೆ ಆರುನೂರು ಸಹಿ ಮಾಡುವವರಿಗೆ ಇದು ಸಹಜ. ಅವರು ವೈದ್ಯರು, ಆದರೆ ನಿಯಮ ಬಲ್ಲವರು. ಆಸ್ಪತ್ರೆಯಲ್ಲಿ ಕೈ ಮುಟ್ಟಿ ನೋಡುವುದು ಎಲ್ಲಿ ಎಂದು ಅವರಿಗೂ ಗೊತ್ತಿತ್ತು. ಮೊದಲು ತಮಗೆ ತಾವೇ ಪ್ರಮಾಣಪತ್ರ ಬರೆದುಕೊಂಡರು: ‘ನಾನು ನನ್ನನ್ನು ನೋಡಿಲ್ಲ.’ ಇದರ ಸತ್ಯಾಸತ್ಯತೆಗಾಗಿ ಕೈತೊಳೆಯುವ ತೊಟ್ಟಿಯ ಮೇಲಿದ್ದ ಕನ್ನಡಿಯನ್ನು ತೆಗೆಸಿ, ತೆಗೆಸಿದ್ದಕ್ಕೆ ರಸೀದಿ ಲಗತ್ತಿಸಿದರು. ನಂತರ ಎಂಬತ್ತೆಂಟನೇ ಟೋಕನ್ ಹಿಡಿದು ದೂರು ಕೊಠಡಿಯ ಮುಂದಿನ ಬೆಂಚಿನ ಮೇಲೆ ಕೂತರು.

ಪಕ್ಕದಲ್ಲಿ ಕ್ಲೋರಿಂದಾ ಇದ್ದಳು. ಅನರ್ಹಳಾದರೂ ದಿನವೂ ಬಂದು ಕೂರುತ್ತಿದ್ದಳು. ಬೆಂಚಿಗೆ ಅನರ್ಹತೆ ಅನ್ವಯಿಸುವುದಿಲ್ಲ.

“ಮೂರೇ ಬೆರಳಾ ಡಾಕ್ಟ್ರೇ?”

“ಮೂರೇ.”

“ಬೆಳಿಗ್ಗೆ ಎದ್ದಾಗ ಇರುವೆ ಹರ್ದಂಗಾಗುತ್ತಾ?”

“ಅದೇ, ಹಂಗೇ ಆಗುತ್ತೆ,” ಎಂದರು ಡಾಕ್ಟರು. ತಮ್ಮ ಮಾತು ಯಾರಿಗೋ ಅರ್ಥವಾಯಿತಲ್ಲ ಎಂಬ ಸಮಾಧಾನ ಅವರ ಮುಖದ ಮೇಲಿತ್ತು.

“ಮಣಿಕಟ್ಟಿಗೆ ರಟ್ಟು ಕಟ್ಕೊಳ್ಳಿ. ಸ್ವಲ್ಪ ತಡೆಯುತ್ತೆ.”

“ರಟ್ಟು ಸಾಲ್ದಮ್ಮ. ಇಲ್ಲಿ, ಈ ಗೆರೆ ಹತ್ರ, ಒಂದು ಇಂಜೆಕ್ಷನ್ ಕೊಟ್ರೆ ನಾಲ್ಕು ದಿನದಲ್ಲಿ ಬೆರಳು ಬಿಟ್ಕೊಳ್ಳುತ್ತೆ. ನಮ್ಮ ಔಷಧಿ ಕೋಣೇಲೇ ಇದೆ.”

ಕ್ಲೋರಿಂದಾ ಅವರ ಕಡೆ ತಿರುಗಿ ಕೂತಳು. “ಈ ಮಾತನ್ನ ನಂಗೆ ನವೆಂಬರಲ್ಲಿ ಹೇಳ್ತಿದ್ರಾ?”

“ಇಲ್ಲಮ್ಮ. ಹನ್ನೊಂದಕ್ಕೆ ನಾನು ರಜೆ.”

ಎಂಬತ್ತೆಂಟು ಕರೆದರು. ಡಾಕ್ಟರ ಹಿಂದೆಯೇ ಕ್ಲೋರಿಂದಾಳೂ ಒಳಗೆ ಹೋದಳು. ಔರಿಸ್ತೆಲಾ ಡಾಕ್ಟರ ದೂರನ್ನು ದುಂಡಗೆ ಬರೆದಳು. ಪರಿಹಾರದ ಕಾಲಮ್ಮಿನಲ್ಲಿ ‘ಇಂಜೆಕ್ಷನ್’ ಎಂದು ಬರೆದಳು. ನಂತರ ಕ್ಲೋರಿಂದಾಳ ಕಡೆ ನೋಡಿ, ನಿಯಮಾವಳಿ ತೆರೆದು, ಹನ್ನೊಂದು ವರ್ಷ ವಾರ್ಡಿನಲ್ಲಿ ಕಲಿತದ್ದನ್ನೆಲ್ಲ ಉಪಯೋಗಿಸಿದಳು.

“ಡಾಕ್ಟ್ರೇ, ನಿಮ್ಮನ್ನ ನೀವು ನೋಡಿಲ್ಲ ಅಂತ ಬರ್ಕೊಟ್ಟಿದೀರಿ. ಹಾಗಿದ್ರೆ ಕೈಗೆ ಹೀಗಾಗಿದೆ ಅನ್ನೋಕೆ ಪುರಾವೆ ಏನು?”

ಡಾಕ್ಟರು ತಮ್ಮ ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಿಕೊಂಡರು.

“ಇಂಥದೇ ಇನ್ನೊಂದು ಕೈಯನ್ನ ಪುರಾವೆಯಾಗಿ ಲಗತ್ತಿಸ್ಬೋದು,” ಎಂದು ಔರಿಸ್ತೆಲಾ ಒಂದು ಚೀಟಿಯ ಮೇಲೆ ‘ಲಗತ್ತು ಒಂದು’ ಎಂದು ಬರೆದು ಕ್ಲೋರಿಂದಾಳ ಅಂಗಿಯ ತೋಳಿಗೆ ಪಿನ್ನು ಹಾಕಿದಳು. “ಲಗತ್ತಿಗೆ ಅರ್ಹತೆ ಅನರ್ಹತೆ ಇರಲ್ಲ. ಆಮೇಲೆ ಹದಿನೇಳನೇ ನಿಯಮ ಹೇಳುತ್ತೆ, ದೂರನ್ನ ಲಗತ್ತುಗಳ ಸಮೇತ ಇತ್ಯರ್ಥ ಮಾಡ್ಬೇಕು ಅಂತ.”

“ಇದು ನ್ಯಾಯವಾಗಿದೆ,” ಎಂದರು ಡಾಕ್ಟರು.

“ನನ್ನ ಯಾವ್ದಕ್ಕಾದ್ರೂ ಅಂಟಿಸ್ಕೋ ಮಗಳೇ,” ಅಂದಳು ಕ್ಲೋರಿಂದಾ.

ಪಿಂಚಿಯವರು ಕಡತ ನೋಡಿ ಬೆವೆತರು. ಪ್ರಶಸ್ತಿ ಸಮಿತಿ ಜುಲೈಯಲ್ಲಿ ಬರುವುದಿತ್ತು. ಡಾಕ್ಟರ ಕೈ ನಿಂತರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದಿದ್ದರೆ ದೂರಿಲ್ಲ, ದೂರಿಲ್ಲದಿದ್ದರೆ ಇತ್ಯರ್ಥಪಡಿಸುವುದು ಏನನ್ನು? ಅರ್ಧ ಗಂಟೆಯಲ್ಲಿ ಔಷಧಿ ಕೋಣೆಯಿಂದ ಎರಡು ಇಂಜೆಕ್ಷನ್ ಬಂದವು, ಒಂದು ದೂರಿಗೆ, ಒಂದು ಲಗತ್ತಿಗೆ. ಡಾಕ್ಟರು ಎಲ್ಲಿ ಚುಚ್ಚಬೇಕೆಂದು ಎಡಗೈಯಿಂದ ತೋರಿಸಿದರು, ಔರಿಸ್ತೆಲಾ ಇಬ್ಬರಿಗೂ ಚುಚ್ಚಿದಳು. ಚುಚ್ಚುವಾಗ ಡಾಕ್ಟರು ಕಣ್ಣು ಮುಚ್ಚಿಕೊಂಡಿದ್ದರು, ನಿಯಮಕ್ಕಾಗಿಯೋ ಹೆದರಿಕೆಗೋ ತಿಳಿಯದು.

ಹಬ್ಬದ ಹಿಂದಿನ ದಿನ ಕ್ಲೋರಿಂದಾ ಆರುನೂರು ಗಂಟು ಬಿಗಿದಳು. ಒಂದೂ ಬಿಚ್ಚಲಿಲ್ಲ. ತೆಯೋಬಾಲ್ದೊನ ಹದಿನಾಲ್ಕೂ ಅವನಿಗೆ ತಲುಪಿದವು. ಅವನ್ನು ನವೆಂಬರಿನಲ್ಲಿ ಕೊಡೋಣವೆಂದು ನಾನು ಸೂಚಿಸಿದ್ದೆ, ಅವಳು ಒಪ್ಪಲಿಲ್ಲ. ಜುಲೈಯಲ್ಲಿ ಸಮಿತಿ ಬಂತು, ನಾಲ್ಕು ಸಾವಿರ ದೂರುಗಳ ಪುಸ್ತಕವನ್ನು ಕಂಡು ಬೆರಗಾಯಿತು, ಫಲಕ ಕೊಟ್ಟಿತು. ಈಗ ಅಕ್ಕಪಕ್ಕದ ಮೂರು ಊರಿನ ಆಸ್ಪತ್ರೆಗಳೂ ನಮ್ಮ ವಿಧಾನವನ್ನು ಅನುಸರಿಸುತ್ತಿವೆ. ಬೋರ್ಡು ಬರೆಯಲು ನಾನೇ ದೋಣಿಯಲ್ಲಿ ಹೋಗುತ್ತೇನೆ.

ನವೆಂಬರ್ ಹನ್ನೊಂದರಂದು ನಾನು ಏಣಿಯ ಮೇಲೆ ನಿಂತು ‘ಡಾಕ್ಟರು ಈಗ ಬರುತ್ತಾರೆ’ ಎಂಬುದಕ್ಕೆ ಎರಡನೇ ಸಲ ಬಣ್ಣ ಬಳಿಯುತ್ತಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕ್ಲೋರಿಂದಾ ಇಸ್ತ್ರಿ ಮಾಡಿದ ಲಂಗ ತೊಟ್ಟು ಕಿಟಕಿಗೆ ಬಂದಳು.

“ಕೈ ವಾಸಿಯಾಗಿದೆ ಕಣಪ್ಪ. ನನ್ನ ಹೆಸ್ರು ಹೊಡೆದುಹಾಕು, ಬೇರೆಯವ್ರಿಗಾದ್ರೂ ಸಿಗ್ಲಿ.”

“ವಾಸಿಯಾಗಿದೆ ಅಂತ ಡಾಕ್ಟ್ರು ನೋಡಿ ಹೇಳ್ಬೇಕಲ್ಲಮ್ಮಾ.”

“ಯಾವಾಗ ನೋಡ್ತಾರೆ?”

ತೆಯೋಬಾಲ್ದೊ ಪುಸ್ತಕ ತಿರುವಿದ. “ಮಾರ್ಚ್ ನಾಲ್ಕು. ಒಂಬತ್ತೂ ಐವತ್ತು.”

ಕ್ಲೋರಿಂದಾ ಎಡಗೈಯ ಬೆರಳುಗಳನ್ನು ಮಡಿಚಿ ಬಿಡಿಸಿ ನೋಡಿದಳು. “ಇರ್ಲಿ, ಹಾಕು. ಎಡಗೈಗೆ ಆಗುತ್ತೆ.”

ತೆಯೋಬಾಲ್ದೊ ‘ಕೈ: ಎಡ’ ಎಂದು ಬರೆದು ಮೊಹರು ಒತ್ತಿ ಕೊಟ್ಟ. ಅವಳು ಚೀಟಿಯನ್ನು ಮಡಚಿ ಕರವಸ್ತ್ರದ ಮೂಲೆಯಲ್ಲಿಟ್ಟು, ಬಲಗೈಯಿಂದ ಗಂಟು ಹಾಕಿಕೊಂಡಳು. ಗಂಟು ಬಿಗಿಯಾಗಿತ್ತು.