ಥಂಡಿಗೆ ಏಳದ ಟ್ರ್ಯಾಕ್ಟರೂ ನಮ್ಮ ಮಾಮಾನೂ

ನಮ್ಮ ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಥಂಡಿ ಆಗುವುದು ಯಾರಿಗೆ ಎಂದು ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳುತ್ತೇನೆ: ಮಾಮಾನ ಟ್ರ್ಯಾಕ್ಟರಿಗೆ. ಮಾಮಾ ಅಂದರೆ ನನ್ನ ಅವ್ವನ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ, ಸುಳ್ಳದಲ್ಲಿ ಒಕ್ಕಲುತನ ಮಾಡಿಕೊಂಡಿರುವವನು. ಊರಿನ ಹೆಸರು ಸುಳ್ಳವಾದರೂ ಅವನು ಹೇಳುವುದೆಲ್ಲ ಖರೇ ಎಂದು ನಾವು ನಂಬಬೇಕು, ಇದು ಅವನ ಕರಾರು.

ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಅವನ ಟ್ರ್ಯಾಕ್ಟರಿನ ಲಿಫ್ಟ್ ಮುಷ್ಕರ ಹೂಡುತ್ತಿತ್ತು. ಲಿಫ್ಟ್ ಎಂದರೆ ಹಿಂಬದಿಯ ಎರಡು ಕಬ್ಬಿಣದ ತೋಳುಗಳು. ಹಿಡಿಕೆ ಎಳೆದರೆ ಎಣ್ಣೆಯ ಒತ್ತಡದಿಂದ ಅವು ಹೊಲ ಉಳುವ ರಂಟೆಯನ್ನು ನೆಲದಿಂದ ಮೇಲೆತ್ತಬೇಕು. ಚಳಿಗೆ ಎಣ್ಣೆ ಮಂದವಾಗಿ ಮುಂಜಾನೆ ಹೊತ್ತು ತೋಳುಗಳು ಏಳುವುದೇ ಇಲ್ಲ. ಎದ್ದರೂ ನಡುಗುತ್ತ, ಮುನಿಸಿಕೊಂಡ ಅಳಿಯನ ಹಾಗೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತವೆ. ಬೇರೆಯವರಾದರೆ ಏನು ಮಾಡುತ್ತಾರೆ? ಇಂಜಿನ್ ಚಾಲೂ ಇಟ್ಟು ಚಹಾ ಕುಡಿದು ಬರುತ್ತಾರೆ, ಅಷ್ಟರಲ್ಲಿ ಎಣ್ಣೆ ಬೆಚ್ಚಗಾಗಿರುತ್ತದೆ. ಮಾಮಾ ಹಾಗಲ್ಲ. ಅವನ ಪ್ರಕಾರ ಅದು ಯಂತ್ರದ ದೋಷವಲ್ಲ, ಬಾಯಿಲ್ಲದ ಜೀವಕ್ಕೆ ಹತ್ತಿದ ಶೀತ.

ಶೀತಕ್ಕೆ ಮೊದಲ ಮದ್ದು ಹೊದಿಕೆಯಲ್ಲವೇ? ಅವ್ವ ತನ್ನ ಕೈಯಾರೆ ಹೊಲಿದುಕೊಟ್ಟಿದ್ದ ಕೌದಿಯನ್ನು ತೆಗೆದುಕೊಂಡು ಹೋಗಿ ಟ್ರ್ಯಾಕ್ಟರಿಗೆ ಹೊದಿಸಿದ. ಸುದ್ದಿ ಮಾಳಮಡ್ಡಿಯ ನಮ್ಮ ಮನೆಗೆ ಮುಟ್ಟಿದಾಗ ಅವ್ವ ಸಿಟ್ಟಿಗೆದ್ದು, ಇನ್ನು ಮೇಲೆ ಆ ಮನುಷ್ಯನ ಹೆಸರು ಎತ್ತಬೇಡಿ ಎಂದಳು. ಮರುದಿನ ನೋಡಿದರೆ ಹಳೆಯ ಸೀರೆಗಳನ್ನೆಲ್ಲ ಹರವಿಕೊಂಡು ಕೂತಿದ್ದಾಳೆ! ಟ್ರ್ಯಾಕ್ಟರಿನ ಅಳತೆ ಕೇಳಲು ನನ್ನಿಂದ ಫೋನು ಮಾಡಿಸಿದಳು. ಹೊಸ ಕೌದಿ ಟ್ರ್ಯಾಕ್ಟರಿಗೆ ಹೋಯಿತು, ಹಳೆಯದು ತಮ್ಮನಿಗೆ ಮರಳಿ ಬಂತು. ಆಮೇಲೆ ಎಷ್ಟು ಒಗೆದರೂ ಅದರ ಗ್ರೀಸಿನ ವಾಸನೆ ಹೋಗಲಿಲ್ಲ ಎಂಬುದು ಬೇರೆ ಮಾತು.

ಎರಡನೆಯ ಮದ್ದು ಬಿಸಿನೀರು. ಮಾಮಿ ಹಂಡೆಯಲ್ಲಿ ಕಾಯಿಸಿಟ್ಟ ನೀರನ್ನು ಅವನು ತಂಬಿಗೆ ತಂಬಿಗೆಯಾಗಿ ಟ್ರ್ಯಾಕ್ಟರಿನ ಬೆನ್ನಿಗೆ ಸುರಿಯುತ್ತಿದ್ದ. ಮಾಮಿ ನಮ್ಮ ಮನೆಗೆ ಬಂದಾಗ ಅವ್ವನ ಮುಂದೆ ದೂರು ಇಟ್ಟಳು: "ನಮ್ಮ ಮನ್ಯಾಗ ದಿನಾ ಜಳಕಾ ಮಾಡೂದು ಟ್ರ್ಯಾಕ್ಟರ್ ಒಂದ ನೋಡ್ರಿ ಅಕ್ಕಾರ. ಮಾಲಕರದು ಹಬ್ಬಕ್ಕೊಮ್ಮೆ."

ಇಷ್ಟರ ಮೇಲೆ ಅವನಿಗೆ ವೈದ್ಯನೆಂಬ ಕೀರ್ತಿಯೂ ಬಂದಿತ್ತು. ಸುತ್ತಲಿನ ರೈತರು ಫೋನು ಮಾಡಿ ಲಿಫ್ಟಿನ ಜಡ್ಡು ಹೇಳಿಕೊಳ್ಳುವರು. ಬರೀ ಮುಂಜಾನೆ ಏಳುವುದಿಲ್ಲವೋ, ಇಡೀ ದಿನ ಏಳುವುದಿಲ್ಲವೋ ಎಂದು ವಿಚಾರಿಸಿ, ಎಣ್ಣೆಯ ಮಟ್ಟ ಕೇಳಿ, ಎಣ್ಣೆ ಸೋಸುವ ಜಾಳಿಗೆಯಲ್ಲಿ ಹೊಲಸು ಕಟ್ಟಿದೆಯೋ ನೋಡೆಂದು ಹೇಳಿ, ಕೊನೆಗೆ ಎಲ್ಲ ತಪ್ಪನ್ನೂ ಥಂಡಿಯ ತಲೆಗೆ ಕಟ್ಟುತ್ತಿದ್ದ. ಒಮ್ಮೆ ದೂರದ ಬಂಧುವೊಬ್ಬ ಫೋನು ಮಾಡಿ, ಥಂಡಿಗೆ ಸೊಂಟ ಹಿಡಿದು ಮುಂಜಾನೆಯಿಂದ ಮೇಲೇಳಲು ಆಗುತ್ತಿಲ್ಲ ಎಂದು ನರಳಿದ. ಅವನು ಹೇಳುತ್ತಿದ್ದುದು ತನ್ನ ಅಪ್ಪನ ವಿಷಯ. ಮಾಮಾ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಎಣ್ಣಿ ಬಣ್ಣಾ ಹೆಂಗೈತಿ?" ಎಂದ. ಆ ಮನೆಯವರು ಇಂದಿಗೂ ಅವನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಹೀಗೆ ನಗುತ್ತ ನಗುತ್ತ ಕಳೆದ ಚಳಿಗಾಲದವರೆಗೆ ಬಂದೆವು. ಅಷ್ಟರಲ್ಲಿ ಅವ್ವನಿಗೆ ಮರೆವು ಶುರುವಾಗಿತ್ತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು, ಆಮೇಲೆ ನಮ್ಮ ಓಣಿಯನ್ನೇ ಮರೆತಳು. ತಮ್ಮ ಬಂದನೇ ಎಂದು ಮಾತ್ರ ದಿನವೂ ಕೇಳುತ್ತಿದ್ದಳು. ನಾನು ಮಾಮಾನಿಗೆ ಫೋನು ಮಾಡಿ, ಅವ್ವ ದಿನದಿಂದ ದಿನಕ್ಕೆ ಬೇರೆಯವಳೇ ಆಗುತ್ತಿದ್ದಾಳೆ, ಬಂದು ಹೋಗು ಎಂದೆ. ವಯಸ್ಸಾದ ಮೇಲೆ ಯಾರು ಮರೆಯುವುದಿಲ್ಲ ಎಂದು ಅವನು ನಕ್ಕ. ಆ ವರ್ಷ ಲಿಫ್ಟ್ ಮಧ್ಯಾಹ್ನದ ಬಿಸಿಲಿಗೂ ಎದ್ದಿರಲಿಲ್ಲ. ಗೋವಿನಜೋಳ ಕಿತ್ತ ಹೊಲ ರಂಟೆಗೆ ಕಾಯುತ್ತಿತ್ತು. "ಲಿಫ್ಟ್ ಬಿಚ್ಚಿ ಇಟ್ಟೇನಿ. ಅದೊಂದು ಛಲೋ ಆದ ಕೂಡ್ಲೇ ಬರ್ತೇನಿ ಅಂತ ಅಕ್ಕಗ ಹೇಳು," ಎಂದ. ನಾನು ಹೇಳಿದೆ. ಮತ್ತೆ ಫೋನು ಮಾಡಿದಾಗಲೂ ಅದೇ ಉತ್ತರ ಬಂತು. ಬೇರೆಯವರ ಕೈಗೆ ಕೊಡು ಎಂದರೆ, ಅವರಿಗೇನು ಗೊತ್ತು ಅದರ ಪ್ರಕೃತಿ ಎಂದ.

ಕೊನೆಗೆ ಎಣ್ಣೆ ಇಳಿಸಿದಾಗ ಅದು ಮಜ್ಜಿಗೆಯ ಹಾಗೆ ಬೆಳ್ಳಗಿತ್ತಂತೆ. ಗೇರಿನ ಕೋಲಿನ ಬುಡದ ರಬ್ಬರು ಹರಿದು, ಅಲ್ಲಿಂದ ನೀರು ಒಳಗಿನ ಎಣ್ಣೆಗೆ ಇಳಿದಿತ್ತು. ಯಾವ ನೀರು? ಮುಂಜಾನೆ ಮುಂಜಾನೆ ಅವನೇ ಪ್ರೀತಿಯಿಂದ ಸುರಿದ ಬಿಸಿನೀರು. ಬೇರೆ ದಿನವಾಗಿದ್ದರೆ ಈ ಸುದ್ದಿ ನಮ್ಮ ಬಳಗವನ್ನು ಒಂದು ವರ್ಷ ನಗಿಸುತ್ತಿತ್ತು. ಇದನ್ನು ನನಗೆ ಹೇಳುವಾಗ ಮಾಮಾನ ದನಿ ಸಣ್ಣದಾಗಿತ್ತು. "ಥಂಡಿ ಥಂಡಿ ಅಂತ ಸುಳ್ಳ ದಿನಾ ಕಳದೆ," ಎಂದ.

ಎಣ್ಣೆ ಬದಲಿಸಿ, ಲಿಫ್ಟ್ ಎದ್ದು ನಿಂತ ದಿನವೇ ಅವನು ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ಅವನನ್ನು ನೋಡಿ ಸೆರಗು ಸರಿಪಡಿಸಿಕೊಂಡು, "ಬರ್ರಿ, ಕುಂದರ್ರಿ. ಯಾರು ಬೇಕಾಗಿತ್ರಿ?" ಎಂದಳು.

ಮಾಮಾ ನಿಂತಲ್ಲೇ ನಿಂತ. ಇವನು ನಿನ್ನ ತಮ್ಮ ಎಂದು ನಾನು ಹೇಳಿದೆ. ಚಾಷ್ಟಿ ಮಾಡಬೇಡ, ನನ್ನ ತಮ್ಮನ ತಲೆಗೂದಲು ಇಷ್ಟು ಬೆಳ್ಳಗಿಲ್ಲ ಎಂದಳು. ಆಮೇಲೆ ಅವಳ ಕಣ್ಣು ಅವನ ಉಗುರುಗಳಲ್ಲಿ ಕೂತಿದ್ದ ಕಪ್ಪು ಎಣ್ಣೆಯ ಮೇಲೆ ಬಿತ್ತು.

"ಟ್ರ್ಯಾಕ್ಟರ್ ರಿಪೇರಿ ಮಾಡ್ತೀರೇನ್ರಿ?"

ಮಾಮಾ ನನ್ನ ಮುಖ ನೋಡಿದ. "ಹೌದ್ರಿ," ಎಂದ.

"ಹಂಗಾದ್ರ ನನ್ನದೊಂದು ಕೆಲಸಾ ಮಾಡಿಕೊಡ್ರಿ. ಸುಳ್ಳದಾಗ ನನ್ನ ತಮ್ಮ ಅದಾನ. ಥಂಡ್ಯಾಗ ಅವನ ಲಿಫ್ಟ್ ಏಳೂದಿಲ್ಲ. ಒಬ್ಬನ ಒದ್ದಾಡಾಕತ್ತಾನ, ಪಾಪ. ಅದು ಛಲೋ ಆದ ಕೂಡ್ಲೇ ನನ್ನ ನೋಡಾಕ ಬರ್ತಾನಂತ."

ಮಾಮಾ ಎರಡು ಹೆಜ್ಜೆ ಅವಳ ಹತ್ತಿರ ಬಂದ.

"ನೋಡಿ ಬಂದೇನ್ರಿ ಅಕ್ಕಾರ. ಛಲೋ ಆಗೇತ್ರಿ."

ಅವ್ವನ ಮುಖ ಅರಳಿತು. ಹಾಗಾದರೆ ಇನ್ನೇನು ಬಂದೇ ಬಿಡುತ್ತಾನೆ ಎನ್ನುತ್ತ ಬಾಗಿಲ ಕಡೆ ತಿರುಗಿದಳು. ನೀವೂ ಇರಿ, ಅವನು ಬಂದ ಮೇಲೆ ಕೂಡಿಯೇ ಊಟ ಮಾಡಿದರಾಯಿತು ಎಂದಳು. ಮಾಮಾ ಆಗಲಿ ಎಂದು ಅವಳ ಪಕ್ಕದಲ್ಲಿ ಕೂತ. ನಾನು ತಾಟು ಹಾಕಿ ಬರುವಷ್ಟರಲ್ಲಿ ಅಕ್ಕತಮ್ಮಂದಿರು ಇಬ್ಬರೂ ಬಾಗಿಲ ಕಡೆಗೇ ನೋಡುತ್ತ ಕೂತಿದ್ದರು.