ಹತ್ತು ಮೊಟ್ಟೆಯ ಹುಳು

ಎಂ.ಎ. ಅರ್ಥಶಾಸ್ತ್ರ ಓದುವವಳಿಗೆ ತನ್ನ ಊಟದ ಖರ್ಚು ತಾನೇ ಹೊಂದಿಸಿಕೊಳ್ಳಲು ಬಾರದಿದ್ದರೆ ಆ ಪದವಿಗೆ ಏನು ಮರ್ಯಾದೆ? ಹೀಗೆಂದು ನಾನು ರಾಯಲ್ಪಾಡಿನ ನಮ್ಮ ಮನೆಯಲ್ಲಿ ಬಹಳ ಗಂಭೀರವಾಗಿ ಘೋಷಿಸಿದೆ. ಅಪ್ಪ ಶಿಕ್ಷಣ ಸಾಲದ ಅರ್ಜಿ ತಂದಿದ್ದರು. ಅಕ್ಕನ ಓದಿಗೆ ತಂದ ಸಾಲವೇ ಹೊರಡುವ ಮಾತೆತ್ತದ ನೆಂಟನಂತೆ ಇನ್ನೂ ಮನೆಯಲ್ಲೇ ಇತ್ತು.

"ಸಾಲ ಬೇಡಪ್ಪ. ಖರ್ಚು ನಾನೇ ನೋಡ್ಕೋತೀನಿ."

"ಎಟ್ಲಮ್ಮಾ?" ಹೇಗೆ ಎಂದು ಕೇಳಿದರು ಅಪ್ಪ. ಕಷ್ಟದ ಪ್ರಶ್ನೆಗಳನ್ನೆಲ್ಲ ನಮ್ಮ ಮನೆಯಲ್ಲಿ ತೆಲುಗಿನಲ್ಲೇ ಕೇಳುವುದು.

"ಎಲ್ಲಾ ಯೋಚನೆ ಮಾಡಿದೀನಿ" ಎಂದೆ. ಏನೂ ಮಾಡಿರಲಿಲ್ಲ!

ಕೋಲಾರದಲ್ಲಿ ನನ್ನದೊಂದು ಮಹಡಿಯ ಮೇಲಿನ ಕೋಣೆ. ಜೊತೆಗೆ ಟೇಕಲ್‌ನ ಶೋಭಾ, ನನ್ನದೇ ತರಗತಿಯವಳು. ಕೆಳಗೆ ಮನೆಯ ಒಡತಿ ಜುಬೇದಮ್ಮ. ಮದುವೆ, ನಾಮಕರಣಗಳಿಗೆ ಅಡುಗೆ ಮಾಡಿಕೊಡುವ ಹೆಂಗಸು. ಅವರ ದನಿಯೇ ಒಂದು ದೊಡ್ಡ ಪಾತ್ರೆ. ವಿದ್ಯಾರ್ಥಿವೇತನ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಎರಡು ತಿಂಗಳು ಕಳೆಯಿತು. ನಮ್ಮ ಊಟ ಎರಡು ಹೊತ್ತಿನಿಂದ ಒಂದೂವರೆಗೆ ಇಳಿಯಿತು. ಆ ಅರ್ಧ ಹೊತ್ತೆಂದರೆ ಟೀ ಮತ್ತು ಬನ್ನು.

ಶೋಭಾಳ ಮನೆಯಲ್ಲಿ ಹಿಪ್ಪುನೇರಳೆ ತೋಟವಿತ್ತು. ರೇಷ್ಮೆ ಬೆಳೆ ಒಂದೇ ತಿಂಗಳಲ್ಲಿ ಕೈಗೆ ಬರುತ್ತದೆ ಎಂದು ಒಂದು ದಿನ ಮಾತಿಗೆ ಹೇಳಿದಳು. ನನ್ನ ತಲೆಯಲ್ಲಿ ದೀಪ ಹೊತ್ತಿತು.

"ಕೋಣೆ ಇದೆ, ನಿಮ್ಮನೇಲಿ ಎಲೆ ಇದೆ. ಹುಳ ಸಾಕೋಣ ಕಣೇ!"

"ಲೇ, ಸುಲಭ ಅಲ್ಲ ಕಣೇ ಅದು. ನಮ್ಮಣ್ಣನ್ನ ಕೇಳಿದ್ರೆ ಹತ್ತು ಮೊಟ್ಟೆ ಹುಳ ಕೊಡ್ತಾನೆ. ಆದ್ರೆ..."

"ಹತ್ತೇನಾ? ಇಪ್ಪತ್ತು ಕೊಡು ಅನ್ನು!"

ನಾನು ಮಾವು, ಟೊಮೆಟೊ ಕಂಡು ಬೆಳೆದವಳು. ರೇಷ್ಮೆಯವರ ಭಾಷೆಯಲ್ಲಿ ಒಂದು ಚಿಟ್ಟೆ ಇಡುವ ನಾನೂರರಷ್ಟು ಮೊಟ್ಟೆಗಳೆಲ್ಲ ಸೇರಿ ಒಂದು ಮೊಟ್ಟೆ ಎಂದು ನನಗೇನು ಗೊತ್ತು? ಶೋಭಾಳ ಅಣ್ಣ ಹತ್ತಕ್ಕಿಂತ ಹೆಚ್ಚು ಕೊಡಲಿಲ್ಲ, ನಮ್ಮ ಪುಣ್ಯ. ಹತ್ತು ಹುಳುಗಳಿಗೆಂದು ನಾನು ಒಂದು ಬೂಟಿನ ಡಬ್ಬಿ ಸಿದ್ಧಮಾಡಿ, ಗಾಳಿಯಾಡಲು ತೂತನ್ನೂ ಕೊರೆದಿಟ್ಟಿದ್ದೆ. ಶೋಭಾ ನಾಲ್ಕು ಸಾವಿರ ಹುಳುಗಳೊಂದಿಗೆ ರೈಲಿನಿಂದ ಇಳಿದಳು!

ಮೊದಲ ವಾರ ಪರವಾಗಿಲ್ಲ. ಹುಳುಗಳು ಸಣ್ಣವು, ಹಸಿವೂ ಸಣ್ಣದು. ಆಮೇಲೆ ಅವು ದಪ್ಪವಾಗತೊಡಗಿದವು, ನಾವು ಸಣ್ಣಗಾಗತೊಡಗಿದೆವು. ಮಂಚ ಎರಡೂ ಅವಕ್ಕೆ, ನೆಲ ನಮಗೆ. ನಾಲ್ಕು ಸಾವಿರ ಬಾಯಿ ಒಟ್ಟಿಗೆ ಎಲೆ ತಿನ್ನುವ ಸದ್ದು ತಗಡಿನ ಮೇಲೆ ತುಂತುರು ಮಳೆ ಬಿದ್ದಂತೆ. ಟೇಕಲ್‌ನಿಂದ ಬಂದ ವಾರದ ಎಲೆಯ ಮೂಟೆ ಒಂದೇ ದಿನಕ್ಕೆ ಖಾಲಿಯಾಯಿತು. ನಾನು ಊರಾಚೆಯ ತೋಟಗಳಿಗೆ ಹೋಗಿ, ಕಳೆ ಕಿತ್ತುಕೊಟ್ಟು ಎಲೆ ಬೇಡಿ ತರುವವಳಾದೆ. ಕೆಳಗೆ ಜುಬೇದಮ್ಮ ಕೇಳಿದಾಗ, "ಮೂಟೇಲಿ ಪುಸ್ತಕ" ಎಂದೆ. ಒಂದು ಎಲೆ ಜಾರಿ ಅವರ ಕಾಲ ಬಳಿ ಬಿತ್ತು. ಅವರು ಎಲೆ ನೋಡಿದರು, ನನ್ನ ನೋಡಿದರು, ಒಳಗೆ ಹೋದರು.

ಹುಳುವಿಗೆ ಹೊಗೆ ಆಗದು, ಅತ್ತರು ಆಗದು, ಘಾಟೂ ಆಗದು. ಜುಬೇದಮ್ಮನ ಮನೆಯಲ್ಲಿ ಈ ಮೂರೂ ಧಾರಾಳ! ಮೊದಲು ಲೋಬಾನದ ಹೊಗೆ ನಿಲ್ಲಿಸಲು ಹೋದೆ.

"ಜುಬೇದಮ್ಮ, ನನಗೆ ಅಲರ್ಜಿ."

"ಹೌದಾ ಬೇಟಿ? ಬಿಡು, ಹಾಕಲ್ಲ."

ಮರುದಿನ ಮತ್ತೆ ಇಳಿದೆ. "ಮೆಣಸಿನಕಾಯಿ ಒಗ್ಗರಣೆ ಕೂಡ..."

"ಒಗ್ಗರಣೆ ಹಾಕ್ಬೇಡ ಅಂದ್ರೆ ಮದುವೆ ಮನೆಯೋರಿಗೆ ಬಿಸಿನೀರು ಬಡಿಸ್ಲಾ?" ಎಂದರು. ಆದರೂ ಅಂದಿನಿಂದ ಒಲೆ ಹಿತ್ತಿಲಿಗೆ ಹೋಯಿತು. ಎಷ್ಟು ಮುಗ್ಧ ಹೆಂಗಸು, ಎಷ್ಟು ಸುಲಭವಾಗಿ ನಂಬಿಸಿದೆ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ.

ಕೊನೆಗೆ ಹುಳುಗಳು ಗೂಡು ಕಟ್ಟುವಷ್ಟು ಹಣ್ಣಾಗಿ, ಎಲೆ ಬಿಟ್ಟು, ತಲೆ ಎತ್ತಿ ಅತ್ತಿತ್ತ ತೂಗತೊಡಗಿದವು. ಇನ್ನು ಅವನ್ನು ಚಂದ್ರಿಕೆಗೆ, ಎಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಚಂದ್ರಿಕೆ ತರಲು ಶೋಭಾ ಟೇಕಲ್‌ಗೆ ಓಡಿದಳು. ಹೋಗುವಾಗ, "ಹುಳ ಬಿಟ್ಟು ಎಲ್ಲೂ ಹೋಗ್ಬೇಡ್ವೇ" ಎಂದು ಮೂರು ಸಲ ಹೇಳಿದಳು. ಆದರೆ ಅಂದೇ ನನ್ನ ಸೆಮಿನಾರ್. ವಿಷಯ: ಸಣ್ಣ ಉದ್ದಿಮೆಗಳಲ್ಲಿ ಮುಂದಾಲೋಚನೆ. ಎರಡು ಗಂಟೆಯಲ್ಲಿ ಏನಾಗುತ್ತದೆ ಎಂದು ಬಾಗಿಲು ಮುಂದೆ ಮಾಡಿ ಹೋದೆ.

ಸೆಮಿನಾರಿನಲ್ಲಿ ಚಪ್ಪಾಳೆ ಬಿತ್ತು. ಹಿಂತಿರುಗಿದರೆ ಕೋಣೆಯ ಬಾಗಿಲು ತೆರೆದಿತ್ತು. ಹುಳುಗಳು ಮಂಚದಿಂದಿಳಿದು ಗೋಡೆ ಏರಿದ್ದವು. ಚಪ್ಪಲಿಯಲ್ಲಿ ಹುಳು, ಬಾಚಣಿಗೆಯಲ್ಲಿ ಹುಳು, ನನ್ನ ನೋಟ್ಸಿನ ಹಾಳೆಗಳ ನಡುವೆ ಹುಳು. ಮಹಡಿಯ ಹಗ್ಗಕ್ಕೆ ಹಾಕಿದ್ದ ಜುಬೇದಮ್ಮನ ಹೊಸ ಬುರ್ಖಾದ ತೋಳಿನಲ್ಲಿ ಹತ್ತಾರು ಹುಳುಗಳು ಆಗಲೇ ಸಂಸಾರ ಹೂಡಿದ್ದವು. ನಡುವೆ ಸೊಂಟದ ಮೇಲೆ ಕೈಯಿಟ್ಟು ಜುಬೇದಮ್ಮ ನಿಂತಿದ್ದರು.

ಕೋಣೆ ಹೋಯಿತು, ಇನ್ನು ಗಂಟು ಕಟ್ಟಿ ಊರಿಗೆ ಹೋಗಿ ಅಪ್ಪನ ಮುಂದೆ ತಲೆ ತಗ್ಗಿಸುವುದೊಂದೇ ಬಾಕಿ. "ತಪ್ಪಾಯ್ತು ಜುಬೇದಮ್ಮ. ನಾಳೇನೇ ಖಾಲಿ ಮಾಡ್ತೀನಿ" ಎಂದು ಅಳತೊಡಗಿದೆ.

"ಅಳೋದು ಆಮೇಲೆ! ಹುಳ ಹಣ್ಣಾಗಿ ಎಷ್ಟೊತ್ತಾಯ್ತು, ಒಣಗಿದ ಕಡ್ಡಿ ತಾ, ಹುಲ್ಲು ತಾ, ಓಡು!"

ನಾನು ಕಣ್ಣೊರೆಸಿಕೊಂಡು ಅವರನ್ನೇ ನೋಡಿದೆ.

"ಏನ್ ನೋಡ್ತೀಯ? ನಮ್ಮಪ್ಪನ ಮನೇಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದು ಕೈ ಸುಟ್ಕೊಂಡೋಳು ನಾನು. ಮನೆ ತುಂಬ ಹುಳದ ವಾಸ್ನೆ, ನನಗೆ ಗೊತ್ತಾಗಲ್ವಾ? ಅಲರ್ಜಿ ಅಂತೆ ಅಲರ್ಜಿ! ಯಾವಾಗ ನಿಜ ಹೇಳ್ತೀಯ ನೋಡೋಣ ಅಂತ ಸುಮ್ನಿದ್ದೆ."

ಹದಿನೈದು ದಿನ ನಾನು ಮೋಸ ಮಾಡಿದ್ದು ನನಗೊಬ್ಬಳಿಗೇ ಎಂದಾಯಿತು.

ಕಡ್ಡಿ, ಹುಲ್ಲು, ಜುಬೇದಮ್ಮನ ಅನ್ನ ಬಸಿಯುವ ಬಿದಿರಿನ ಬುಟ್ಟಿ, ಸಿಕ್ಕಿದ್ದರ ಮೇಲೆಲ್ಲ ಹುಳು ಬಿಟ್ಟೆವು. ಸಂಜೆ ಶೋಭಾ ಚಂದ್ರಿಕೆ ಹೊತ್ತು ಬಂದು ಬೈದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅರ್ಧ ಬೆಳೆ ಉಳಿಯಿತು. ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ದಾಗ ಕೊಳ್ಳುವವನೊಬ್ಬ ಒಂದು ಗೂಡನ್ನೆತ್ತಿ ಬೆಳಕಿಗೆ ಹಿಡಿದ. ಅದಕ್ಕೆ ನನ್ನ ನೋಟ್ಸಿನ ಚೂರು ಅಂಟಿತ್ತು. "ಬೇಡಿಕೆ ಮತ್ತು ಪೂರೈಕೆ" ಎಂದು ಜೋರಾಗಿ ಓದಿ, ಬೆಲೆ ಇನ್ನಷ್ಟು ಇಳಿಸಿದ.

ಬಂದ ಹಣ ಇಬ್ಬರಿಗೂ ಹತ್ತು ದಿನದ ಊಟಕ್ಕಾಯಿತು. ಹನ್ನೊಂದನೆಯ ದಿನ ಟೀ ಮತ್ತು ಬನ್ನು ಹಿಡಿದು ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾಗ ಜುಬೇದಮ್ಮ ಕರೆದರು.

"ದಿನಾ ಸಾಯಂಕಾಲ ಬಂದು ಈರುಳ್ಳಿ ಹೆಚ್ಚಿಕೊಡಿ. ಎರಡು ಹೊತ್ತು ಊಟ ನನ್ನದು. ಸುಳ್ಳು ಮಾತ್ರ ಹೇಳ್ಬೇಡಿ."

ಅಂದಿನಿಂದ ಪರೀಕ್ಷೆ ಮುಗಿಯುವವರೆಗೆ ನಾವು ಯಾರ ಸಾಲವನ್ನೂ ಮಾಡಲಿಲ್ಲ. ಇದನ್ನು ಅಪ್ಪನಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಾಗಲೇ ಜುಬೇದಮ್ಮ ನಾನು ಹೆಚ್ಚಿದ ಈರುಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಅವರ ದನಿ ರಾಯಲ್ಪಾಡಿಗೂ ಸ್ಪಷ್ಟವಾಗಿ ಕೇಳಿಸಿತು.

"ಇಷ್ಟು ದಪ್ಪ ಹೆಚ್ತಾರೇನಮ್ಮ? ನಿನಗಿಂತ ಆ ಹುಳಗಳೇ ವಾಸಿ!"